ಚಂಪಾರಣ್ಯದ ರೈತ ರಾಜಕುಮಾರ ಶುಕ್ಲರು

ಚಂಪಾರಣ್ಯದ ಹೆಸರನ್ನು ನೀವೆಲ್ಲರೂ ಇತಿಹಾಸದ ಪಾಠದಲ್ಲಿ ಓದಿರುವಿರಿ. ದಕ್ಷಿಣ ಆಫ್ರಿಕದಿಂದ ಹಿಂದಿರುಗಿದ ಮಹಾತ್ಮಾ ಗಾಂಧಿಯವರು ಭಾರತದ ನೆಲದಲ್ಲಿ ಮೊಟ್ಟಮೊದಲು ಸತ್ಯಾಗ್ರಹವನ್ನು ಹೂಡಿದುದು 1917ರಲ್ಲಿ, ಬಿಹಾರದ ಆ ಜಿಲ್ಲೆಯಲ್ಲಿ. ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ಇಷ್ಟನ್ನು ಬರೆದು ಅಂಕ ಪಡೆಯುವುದು ಕಷ್ಟವಲ್ಲ. ಆದರೆ ಪಾಠದ ಪುಸ್ತಕ ಸಾಮಾನ್ಯವಾಗಿ ಕೇಳದ ಇನ್ನೊಂದು ಪ್ರಶ್ನೆಯುಂಟು. ಅಹಮದಾಬಾದಿನಲ್ಲಿ ಆಶ್ರಮ ಕಟ್ಟಿಕೊಂಡಿದ್ದ ಗಾಂಧೀಜಿ ನೇಪಾಳದ ಗಡಿಗೆ ಹೊಂದಿಕೊಂಡ ಆ ದೂರದ ಮೂಲೆಗೆ ಹೋದುದಾದರೂ ಏಕೆ? ಆ ಜಿಲ್ಲೆಯ ಹೆಸರನ್ನಾಗಲಿ, ಅದು ಭೂಪಟದಲ್ಲಿ ಎಲ್ಲಿದೆ ಎಂಬುದನ್ನಾಗಲಿ ಅವರು ಅದುವರೆಗೆ ಅರಿತಿರಲಿಲ್ಲ. ಅವರಾಗಿಯೇ ಹೋದವರಲ್ಲ, ಒಬ್ಬ ರೈತರು ಊರಿಂದೂರಿಗೆ ಬೆನ್ನುಹತ್ತಿ ಹೋಗಿ, ಕಾದು ಕುಳಿತು, ಕೊನೆಗೆ ಅವರನ್ನು ರೈಲಿನಲ್ಲಿ ಕೂಡಿಸಿಕೊಂಡು ಕರೆತಂದರು. ಆ ರೈತರೇ ಪಂಡಿತ ರಾಜಕುಮಾರ ಶುಕ್ಲರು. ಬಂದವರನ್ನು ಜಗತ್ತು ಅರಿಯಿತು. ಕರೆದವರನ್ನೂ ನಾವು ಅರಿತುಕೊಳ್ಳುವುದು ನ್ಯಾಯವಾದುದು.

ಹಿಮಾಲಯದ ಅಡಿಯಲ್ಲಿ, ಗಂಡಕೀ ನದಿಯ ನೀರುಂಡು ಬೆಳೆದ ಸೀಮೆ ಚಂಪಾರಣ್ಯ. ಹಿಂದೆ ಸಂಪಿಗೆಯ ಕಾಡಿದ್ದುದರಿಂದ ಆ ಹೆಸರು ಬಂದಿತೆಂದು ಹೇಳುತ್ತಾರೆ. ಜನಕರಾಜನ ನಾಡು ಇದೇ ಎಂಬ ನಂಬಿಕೆಯೂ ಅಲ್ಲಿಯ ಜನರಲ್ಲಿದೆ. ಮಾವಿನ ತೋಪುಗಳು, ಬತ್ತದ ಗದ್ದೆಗಳು, ಮಣ್ಣಿನ ಗೋಡೆಯ ಹುಲ್ಲುಮನೆಗಳು, ಇದು ಅಂದಿನ ಚಂಪಾರಣ್ಯ. ಈಗ ಅದು ಪೂರ್ವ ಚಂಪಾರಣ್ಯ, ಪಶ್ಚಿಮ ಚಂಪಾರಣ್ಯ ಎಂದು ಎರಡು ಜಿಲ್ಲೆಗಳಾಗಿದೆ. ಮೋತಿಹಾರಿ ಒಂದರ ಮುಖ್ಯ ಪಟ್ಟಣ, ಬೇತಿಯಾ ಇನ್ನೊಂದರದು.

ಇದೇ ಸೀಮೆಯ ಸತವರಿಯಾ ಎಂಬ ಹಳ್ಳಿಯಲ್ಲಿ 1875ನೆಯ ಇಸವಿಯ ಆಗಸ್ಟ್ 23ರಂದು ರಾಜಕುಮಾರ ಶುಕ್ಲರು ಹುಟ್ಟಿದರು. ತಂದೆ ಕೋಲಾಹಲ ಶುಕ್ಲರು. ಬ್ರಾಹ್ಮಣ ಮನೆತನವಾದರೂ ಹೊಟ್ಟೆಗೆ ಆಧಾರವಾಗಿದ್ದುದು ಬೇಸಾಯವೇ. ಮುಂದೆ ಶುಕ್ಲರು ಮುರಲೀ ಭರಹವಾ ಎಂಬ ಹಳ್ಳಿಯಲ್ಲಿ ನೆಲೆಸಿ, ತಕ್ಕಮಟ್ಟಿನ ಒಕ್ಕಲುತನ ಮಾಡಿಕೊಂಡಿದ್ದರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ, ಇಂಗ್ಲಿಷ್ ಬರುತ್ತಿರಲಿಲ್ಲ. ಆಡುತ್ತಿದ್ದುದು ಮನೆಮಾತಾದ ಭೋಜಪುರಿ. ಬರೆಯುತ್ತಿದ್ದುದು ಕೈಥಿ ಅಕ್ಷರ. ನಮ್ಮ ಉತ್ತರ ಕರ್ನಾಟಕದ ಹಿರಿಯರು ಲೆಕ್ಕಪತ್ರಗಳಿಗೆ ಮೋಡಿ ಅಕ್ಷರವನ್ನು ಬಳಸುತ್ತಿದ್ದಂತೆ, ಬಿಹಾರದ ರೈತರೂ ಗುಮಾಸ್ತರೂ ಆ ಕಾಲದಲ್ಲಿ ಕೈಥಿಯನ್ನು ಬಳಸುತ್ತಿದ್ದರು. ಆ ಲಿಪಿಯಲ್ಲಿಯೇ ಶುಕ್ಲರು ದಿನಚರಿಯನ್ನೂ ಬರೆದಿಟ್ಟರು. ಕೋರ್ಟು ಕಚೇರಿಗಳ ಭಾಷೆ ಬೇರೆ, ದೊಡ್ಡವರ ಸಭೆಗಳ ಭಾಷೆ ಬೇರೆ, ಇವರ ಭಾಷೆ ಬೇರೆ. ಹೀಗಿದ್ದೂ ಇವರು ಒಂದು ಜಿಲ್ಲೆಯ ಸಂಕಟವನ್ನು ಇಡೀ ದೇಶದ ಕಿವಿಗೆ ಮುಟ್ಟಿಸಿದರು. ಅದು ಹೇಗೆಂಬುದೇ ಇವರ ಜೀವನದ ಕಥೆ.

ಅದನ್ನು ಅರಿಯಬೇಕಾದರೆ ಮೊದಲು ನೀಲಿಯ ಬೆಳೆಯ ವಿಚಾರವನ್ನು ತಿಳಿಯಬೇಕು. ನೀಲಿ ಎಂಬುದೊಂದು ಮೊಳಕಾಲೆತ್ತರಕ್ಕೂ ಮೀರಿ ಬೆಳೆಯುವ ಗಿಡ. ಅದನ್ನು ಕೊಯ್ದು ದೊಡ್ಡ ತೊಟ್ಟಿಗಳಲ್ಲಿ ನೆನೆಹಾಕಿ, ಕೊಳೆಸಿ, ಆ ನೀರನ್ನು ಬಡಿದು ಕಲಕಿ, ತಳಕ್ಕಿಳಿದ ಬಣ್ಣವನ್ನು ಕಾಯಿಸಿ, ಹಿಂಡಿ, ಬಿಲ್ಲೆಗಳಾಗಿ ಕತ್ತರಿಸಿ ಒಣಗಿಸುತ್ತಿದ್ದರು. ಈ ಬಿಲ್ಲೆಗಳು ಹಡಗನ್ನೇರಿ ಯೂರೋಪಿಗೆ ಹೋಗುತ್ತಿದ್ದವು. ಅಲ್ಲಿಯ ಗಿರಣಿಗಳ ಬಟ್ಟೆಗೆ ಬಣ್ಣವೇರುತ್ತಿತ್ತು. ಇದನ್ನು ತಯಾರಿಸುವ ಕಾರ್ಖಾನೆಗೆ ಕೊಠಿ ಎಂದು ಹೆಸರು. ಕೊಠಿಗಳ ಒಡೆಯರು ಬಿಳಿಯ ಸಾಹೇಬರು. ಚಂಪಾರಣ್ಯದ ಭೂಮಿಯ ಬಹುಭಾಗ ಬೇತಿಯಾ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನ ಸಾಲದಲ್ಲಿ ಮುಳುಗಿದಾಗ ಹಳ್ಳಿಹಳ್ಳಿಗಳನ್ನೇ ಈ ಸಾಹೇಬರಿಗೆ ಗುತ್ತಿಗೆ ಕೊಟ್ಟಿತು. ಹೀಗೆ ಬಣ್ಣದ ವ್ಯಾಪಾರಕ್ಕೆ ಬಂದವರು ಹಳ್ಳಿಗಳ ದೊರೆಗಳಾಗಿ ಕುಳಿತರು.

ದೊರೆಗಳು ಮಾಡಿದ ಕಟ್ಟಳೆಗೆ ತೀನ್‌ಕಠಿಯಾ ಎಂದು ಹೆಸರು. ನಮ್ಮಲ್ಲಿ ಎಕರೆಗೆ ನಲವತ್ತು ಗುಂಟೆ ಇರುವಂತೆ ಅಲ್ಲಿ ಬಿಘಾಕ್ಕೆ 20 ಕಠ್ಠಾ. ಪ್ರತಿಯೊಂದು ಬಿಘಾದಲ್ಲಿ 3 ಕಠ್ಠಾ ನೆಲಕ್ಕೆ ರೈತನು ನೀಲಿಯನ್ನೇ ಬಿತ್ತತಕ್ಕದ್ದು. ನೂರರಲ್ಲಿ ಹದಿನೈದು ಪಾಲು ತಾನೆ, ಹೋಗಲಿ ಎಂದು ನಿಮಗೆ ತೋರಬಹುದು. ಆದರೆ ಆ ಮೂರು ಕಠ್ಠಾ ಯಾವುದೆಂದು ಆರಿಸುವವರು ಕೊಠಿಯ ಆಳುಗಳು; ಒಳ್ಳೆಯ ನೆಲವನ್ನೇ ಅವರು ಆರಿಸುತ್ತಿದ್ದರು. ಬೆಳೆಗೆ ಬೆಲೆಯನ್ನು ಗೊತ್ತುಮಾಡುವವರೂ ಅವರೇ. ತನ್ನ ಬತ್ತದ ಗದ್ದೆಗೆ ಉಳುವ ಹದ ಬಂದಾಗ ರೈತನ ಎತ್ತು ನೀಲಿಯ ನೆಲದಲ್ಲಿರಬೇಕು. ಬಿತ್ತಲೊಲ್ಲೆನೆಂದವನ ಮೇಲೆ ಹೊಡೆತ, ದಂಡ, ಸುಳ್ಳು ಮೊಕದ್ದಮೆ. ತಿನ್ನಲು ಬಾರದ ಬೆಳೆಯನ್ನು ಹಸಿದ ಮನುಷ್ಯನು ತನ್ನ ಒಳ್ಳೆಯ ನೆಲದಲ್ಲಿ ಪರರಿಗಾಗಿ ಬೆಳೆಯಬೇಕಾಗಿದ್ದಿತು.

1897ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರ ಕೃತಕ ನೀಲಿ ಪೇಟೆಗೆ ಬಂದಿತು. ಗಿಡದ ನೀಲಿಯ ಬೆಲೆ ಕುಸಿಯತೊಡಗಿತು. ಇನ್ನಾದರೂ ರೈತನು ಬದುಕಿದನೆಂದು ನಾವು ತಿಳಿಯಬಹುದು. ಸಾಹೇಬರು ಹಾಗಾಗಗೊಡಲಿಲ್ಲ. ತಮಗಾದ ನಷ್ಟವನ್ನು ರೈತನ ತಲೆಯ ಮೇಲೆ ಹೊರಿಸುವ ಉಪಾಯವನ್ನು ಹುಡುಕಿದರು. ನೀಲಿ ಬಿತ್ತುವ ಕಟ್ಟಿನಿಂದ ಬಿಡುಗಡೆ ಬೇಕೆ, ಹಾಗಾದರೆ ಗೇಣಿಯನ್ನು ಹೆಚ್ಚಿಸಿಕೊಡು ಎಂದು ಕಾಗದ ಬರೆಯಿಸಿಕೊಂಡರು, ಇದು ಶರಹಬೇಶಿ. ಕೆಲವೆಡೆ ಇಡಿಯಾಗಿ ದೊಡ್ಡ ಮೊತ್ತವನ್ನೇ ವಸೂಲು ಮಾಡಿದರು, ಇದು ತಾವಾನ್. ಕೈಯಲ್ಲಿ ಹಣವಿಲ್ಲದವನು ಸಾಲಪತ್ರ ಬರೆದುಕೊಟ್ಟು ಬಡ್ಡಿ ಕಟ್ಟಬೇಕಾಯಿತು. ಬೇಡವಾದ ಬೆಳೆಯಿಂದ ಬಿಡಿಸಿದ ಉಪಕಾರಕ್ಕೆ ರೈತನು ಬೆಲೆ ತೆರಬೇಕಾಯಿತು!

ಇವುಗಳ ಮೇಲೆ ಅಬ್ವಾಬ್ ಎಂಬ ಬಗೆಬಗೆಯ ಕಾಣಿಕೆಗಳು ಬೇರೆ. ಸಾಹೇಬನು ಕುದುರೆ ಕೊಂಡರೆ ಅದಕ್ಕೊಂದು ವಂತಿಗೆ, ಆನೆ ಕೊಂಡರೆ ಇನ್ನೊಂದು, ಮೋಟಾರು ಕೊಂಡರೆ ಮತ್ತೊಂದು. ಹೋಳಿ ಹಬ್ಬಕ್ಕೆ ವಂತಿಗೆ, ಮನೆಯಲ್ಲಿ ಮದುವೆಯಾದರೆ ವಂತಿಗೆ. ತಂದೆ ಸತ್ತು ಮಗನ ಹೆಸರು ಖಾತೆಗೆ ಬರಬೇಕಾದರೂ ವಂತಿಗೆ. ಹುಟ್ಟಿನಿಂದ ಸಾವಿನವರೆಗೆ ರೈತನ ಯಾವ ಸುಖದುಃಖವೂ ಕೊಠಿಯ ಲೆಕ್ಕದಿಂದ ಹೊರಗುಳಿಯಲಿಲ್ಲ.

ಜನರು ಇದನ್ನು ಬಾಯಿಮುಚ್ಚಿ ಸಹಿಸಿದರೆಂದಲ್ಲ. 1907–08ರಲ್ಲಿ ಸಾಠಿ ಕೊಠಿಯ ಸುತ್ತಿನ ರೈತರು ಶೇಖ್ ಗುಲಾಬ್, ಶೀತಲ ರಾಯ್ ಎಂಬವರ ಮುಂದಾಳುತನದಲ್ಲಿ ನೀಲಿ ಬಿತ್ತುವುದಿಲ್ಲವೆಂದು ನಿಂತರು. ಅಲ್ಲಲ್ಲಿ ಹೊಡೆದಾಟಗಳೂ ಆದವು. ಪೋಲೀಸರು ಬಂದರು, ಅನೇಕರು ಸೆರೆಮನೆ ಸೇರಿದರು. ಗೌರ್ಲೆ ಎಂಬ ಅಧಿಕಾರಿ ವಿಚಾರಣೆ ನಡೆಸಿ ವರದಿಯನ್ನೂ ಬರೆದನು. ಸರಕಾರ ಅದನ್ನು ಪ್ರಕಟಿಸಲಿಲ್ಲ. ಶುಕ್ಲರು ಇದನ್ನೆಲ್ಲ ಕಣ್ಣಾರೆ ಕಂಡವರು. ಕೋಲೆತ್ತಿದರೆ ಕೊಠಿಯವರ ಕೋಲು ದೊಡ್ಡದು. ದೂರು ಕೊಟ್ಟರೆ ಅದು ಕಚೇರಿಯ ಕಪಾಟಿನಲ್ಲಿ ಉಳಿಯುತ್ತದೆ. ಹಾಗಾದರೆ ಉಳಿದ ದಾರಿ ಯಾವುದು? ಚಂಪಾರಣ್ಯದ ಸತ್ಯಸ್ಥಿತಿಯನ್ನು ಚಂಪಾರಣ್ಯದ ಹೊರಗೆ ಒಯ್ಯುವುದೊಂದೇ.

ಶುಕ್ಲರ ಊರು ಬೇಲವಾ ಕೊಠಿಗೆ ಸೇರಿತ್ತು. ಅದರ ಮೇನೇಜರನ ಹೆಸರು ಏಮನ್. ಈ ಸಾಹೇಬನಿಗೂ ಶುಕ್ಲರಿಗೂ ನೇರವಾಗಿಯೇ ವಿರೋಧ ಬೆಳೆಯಿತು. ಶುಕ್ಲರು ತಮ್ಮ ಪಾಲಿಗೆ ಬಂದ ಕಷ್ಟವನ್ನು ತಾವು ಅನುಭವಿಸಿ ಸುಮ್ಮನಿದ್ದಿದ್ದರೆ ಸಾಹೇಬನು ಇವರನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಇವರು ಊರೂರು ತಿರುಗಿ ರೈತರನ್ನು ಕೂಡಿಸಿದರು, ಅರ್ಜಿಗಳನ್ನು ಬರೆಯಿಸಿದರು, ವಕೀಲರ ಮನೆಗಳಿಗೆ ಅಲೆದರು. ಮೊಕದ್ದಮೆಗಳು ಇವರ ಬೆನ್ನು ಹತ್ತಿದವು, ಜೈಲುವಾಸವೂ ಆಯಿತು. ಬಿಡುಗಡೆಯಾಗಿ ಬಂದ ಮೇಲೆ ಅದೇ ಅಲೆದಾಟವನ್ನು ಮತ್ತೆ ಹಿಡಿದರು.

ಈ ಕಾರ್ಯದಲ್ಲಿ ಇವರಿಗೆ ನೆರವಾದವರಲ್ಲಿ ಬೇತಿಯಾದ ಪೀರ್ ಮಹಮ್ಮದ್ ಮೂನಿಸರನ್ನು ನೆನೆಯಲೇಬೇಕು. ಇವರೊಬ್ಬ ಶಾಲಾಮಾಸ್ತರರು. ಗಣೇಶ ಶಂಕರ ವಿದ್ಯಾರ್ಥಿಯವರು ಕಾನ್ಪುರದಲ್ಲಿ ನಡೆಸುತ್ತಿದ್ದ ‘ಪ್ರತಾಪ’ ಪತ್ರಿಕೆಗೆ ಇವರು ಚಂಪಾರಣ್ಯದ ಸುದ್ದಿಗಳನ್ನು ಬರೆದು ಕಳುಹಿಸುತ್ತಿದ್ದರು. ಅದರ ಫಲವಾಗಿ ಕೆಲಸವನ್ನು ಕಳೆದುಕೊಂಡರು. ಆದರೂ ಲೇಖನಿಯನ್ನು ಕೆಳಗಿಡಲಿಲ್ಲ. ರೈತರ ಬಾಯಿಮಾತನ್ನು ಕಾಗದಕ್ಕಿಳಿಸಿ ಊರ ಹೊರಗೆ ಕಳುಹಿಸಿದವರು ಇಂಥವರು.

1916ರ ಡಿಸೆಂಬರಿನಲ್ಲಿ ಲಕ್ನೋ ಪಟ್ಟಣದಲ್ಲಿ ಕಾಂಗ್ರೆಸ್ಸಿನ ಮಹಾಸಭೆ ಕೂಡಿತು. ದೇಶದ ಗಣ್ಯರೆಲ್ಲ ನೆರೆದಿದ್ದರು. ಬಿಹಾರದ ಪ್ರತಿನಿಧಿಗಳೊಡನೆ ಶುಕ್ಲರೂ ಹೋದರು. ಗಾಂಧೀಜಿ ಅಲ್ಲಿರುವರೆಂದು ತಿಳಿದು, ಬ್ರಜಕಿಶೋರ ಪ್ರಸಾದರೆಂಬ ವಕೀಲರನ್ನು ಜೊತೆಗೆ ಕರೆದುಕೊಂಡು ಅವರ ಡೇರೆಗೆ ಹೋಗಿ, ನೀಲಿಯ ರೈತರ ದುಃಖವನ್ನು ತೋಡಿಕೊಂಡರು. ಸಭೆಯಲ್ಲಿ ಈ ವಿಷಯದ ನಿರ್ಣಯವನ್ನು ಮಂಡಿಸಬೇಕೆಂದು ಬೇಡಿದರು. ಗಾಂಧೀಜಿ ಒಪ್ಪಲಿಲ್ಲ. ತಾವು ಕಣ್ಣಿನಿಂದ ಕಾಣದ ಸಂಗತಿಯ ಬಗ್ಗೆ ಬಾಯಿ ತೆರೆಯುವುದು ಅವರ ಸ್ವಭಾವವಲ್ಲ. ನಿರ್ಣಯವನ್ನು ಬ್ರಜಕಿಶೋರರು ಮಂಡಿಸಿದರು. ಶುಕ್ಲರೂ ಅಷ್ಟು ದೊಡ್ಡ ಸಭೆಯಲ್ಲಿ ಎದ್ದು ನಿಂತು ತಮ್ಮ ಜನರ ಪರವಾಗಿ ಮಾತನಾಡಿದರು. ನಿರ್ಣಯ ಅಂಗೀಕಾರವಾಯಿತು.

ಬೇರೆ ಯಾರಾದರೂ ಆಗಿದ್ದರೆ ಕೆಲಸ ಮುಗಿಯಿತೆಂದು ಊರಿಗೆ ಮರಳುತ್ತಿದ್ದರು. ಶುಕ್ಲರಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಕಾಗದದ ಮೇಲಿನ ನಿರ್ಣಯವನ್ನು ಓದಿ ಏಮನ್ ಸಾಹೇಬನು ಹೆದರುವವನಲ್ಲವೆಂದು ಅವರು ಬಲ್ಲರು. ಕಾಣದೆ ಮಾತನಾಡುವುದಿಲ್ಲವೆಂದ ಮನುಷ್ಯನಿಗೆ ಕಾಣಿಸಿಬಿಡಬೇಕು ಎಂಬುದೇ ಅವರ ಹಟವಾಯಿತು. ಚಂಪಾರಣ್ಯಕ್ಕೆ ಬರಬೇಕೆಂದು ಗಾಂಧೀಜಿಯವರನ್ನು ಕೇಳಿದರು. ಮುಂದಿನ ಪ್ರವಾಸದಲ್ಲಿ ಒಂದೆರಡು ದಿನ ಬಂದೇನು ಎಂಬ ಉತ್ತರ ದೊರೆಯಿತು. ಗಾಂಧೀಜಿ ಕಾನ್ಪುರಕ್ಕೆ ಹೋದರು. ಶುಕ್ಲರು ಅಲ್ಲಿಯೂ ಹಾಜರಾದರು. ಗಾಂಧೀಜಿ ಆಶ್ರಮಕ್ಕೆ ಹಿಂದಿರುಗಿದರು. ಶುಕ್ಲರು ಅಲ್ಲಿಗೂ ಬಂದರು. ದಿನವನ್ನು ಗೊತ್ತುಮಾಡಿ ಹೇಳಿರೆಂಬುದೊಂದೇ ಅವರ ಬೇಡಿಕೆ. ಫೆಬ್ರವರಿಯಲ್ಲಿ ಪತ್ರವನ್ನೂ ಕಳುಹಿಸಿದರು. ಕೊನೆಗೆ ಗಾಂಧೀಜಿ ಕಲ್ಕತ್ತೆಗೆ ಹೋಗುವ ದಿನವನ್ನು ತಿಳಿಸಿ, ಅಲ್ಲಿ ಬಂದು ತಮ್ಮನ್ನು ಕರೆದೊಯ್ಯಬೇಕೆಂದು ಹೇಳಿದರು. 1917ರ ಏಪ್ರಿಲ್ ತಿಂಗಳಲ್ಲಿ ಗಾಂಧೀಜಿ ಕಲ್ಕತ್ತೆಯ ಭೂಪೇಂದ್ರನಾಥ ಬಸುಗಳ ಮನೆಯನ್ನು ಸೇರುವ ಮೊದಲೇ ಶುಕ್ಲರು ಅಲ್ಲಿಗೆ ಬಂದು ಕಾದಿದ್ದರು.

ಉತ್ತರ ಬಿಹಾರದ ಒಂದು ಹಳ್ಳಿಯಿಂದ ಲಕ್ನೋ, ಕಾನ್ಪುರ, ಅಹಮದಾಬಾದು, ಕಲ್ಕತ್ತೆ ಎಂದು ತಿರುಗುವುದಕ್ಕೆ ರೈತನೊಬ್ಬನಿಗೆ ಎಷ್ಟು ಹಣ, ಎಷ್ಟು ದಿನಗಳು ಹಿಡಿದಿರಬೇಕೆಂಬುದನ್ನು ನೀವೇ ಊಹಿಸಿರಿ. ಭೂಪಟವನ್ನು ತೆರೆದು ಈ ಊರುಗಳ ಮೇಲೆ ಬೆರಳಾಡಿಸಿದರೆ ಆ ಹಟದ ಅಳತೆ ನಿಮಗೆ ತಿಳಿಯುವುದು.

ಏಪ್ರಿಲ್ 9ರಂದು ಇಬ್ಬರೂ ಕಲ್ಕತ್ತೆಯಿಂದ ಹೊರಟು ಮರುದಿನ ಬೆಳಗ್ಗೆ ಪಾಟ್ನಾ ಸೇರಿದರು. ಅಲ್ಲಿ ಶುಕ್ಲರು ಗಾಂಧೀಜಿಯವರನ್ನು ಬಾಬು ರಾಜೇಂದ್ರ ಪ್ರಸಾದರ ಮನೆಗೆ ಕರೆದೊಯ್ದರು. ಮುಂದೆ ಸ್ವತಂತ್ರ ಭಾರತದ ಮೊದಲ ರಾಷ್ಟ್ರಪತಿಯಾದ ರಾಜೇಂದ್ರ ಬಾಬುಗಳು ಆಗ ಹೆಸರಾದ ವಕೀಲರು. ಅವರು ಊರಲ್ಲಿರಲಿಲ್ಲ, ಪುರಿಗೆ ಹೋಗಿದ್ದರು. ಆಳುಗಳಿಗೆ ಗಾಂಧೀಜಿ ಯಾರೆಂಬುದು ತಿಳಿಯದು. ಶುಕ್ಲರನ್ನು ಅವರು ಯಜಮಾನರ ಬಳಿಗೆ ಬಂದುಹೋಗುವ ಕಕ್ಷಿಗಾರನೆಂದಷ್ಟೇ ಬಲ್ಲರು. ಜಾತಿ ತಿಳಿಯದವರ ನೀರಿನ ಹನಿ ಸಿಡಿದು ಮೈಲಿಗೆಯಾದೀತೆಂದು, ತಾವು ನೀರು ಸೇದುವಾಗ ಬಾವಿಯ ಬಳಿಗೆ ಬರಗೊಡಲಿಲ್ಲ. ಮನೆಯೊಳಗಿನ ಪಾಯಖಾನೆಗೆ ಹೋಗದಂತೆ ತಡೆದು ಹೊರಗಿನದನ್ನು ತೋರಿಸಿದರು. ಗಾಂಧೀಜಿಗೆ ಖರ್ಜೂರ ಬೇಕಾಗಿತ್ತು. ಶುಕ್ಲರು ಪೇಟೆಗೆ ಹೋಗಿ ತಂದುಕೊಟ್ಟರು. ದೊಡ್ಡ ವಕೀಲರನ್ನು ಸ್ನೇಹಿತರೆಂದು ಶುಕ್ಲರು ಎಷ್ಟೇ ನಂಬಿದ್ದರೂ ಅವರ ನಡುವಿನ ಅಂತರ ಬಹಳ ದೊಡ್ಡದೆಂಬುದು ಗಾಂಧೀಜಿಗೆ ಅಂದು ಮನದಟ್ಟಾಯಿತು. ಆ ಸರಳ ಮನುಷ್ಯನ ಮೇಲೆ ಅವರಿಗೆ ಬೇಸರ ಹುಟ್ಟಲಿಲ್ಲ, ಗೌರವವೇ ಹೆಚ್ಚಾಯಿತು. ಮುಂದಿನ ವ್ಯವಸ್ಥೆಯನ್ನು ತಾವೇ ಕೈಗೆತ್ತಿಕೊಂಡರು. ಲಂಡನ್ನಿನಿಂದ ಪರಿಚಿತರಾಗಿದ್ದ ಮಜಹರುಲ್ ಹಕ್ಕರ ನೆರವಿನಿಂದ ಅಂದೇ ರೈಲು ಹತ್ತಿ, ರಾತ್ರಿ ಮುಜಫರಪುರದಲ್ಲಿಳಿದರು. ಅಲ್ಲಿಯ ಕಾಲೇಜಿನ ಪ್ರಾಧ್ಯಾಪಕ ಆಚಾರ್ಯ ಕೃಪಲಾನಿಯವರು ವಿದ್ಯಾರ್ಥಿಗಳ ತಂಡದೊಡನೆ ಎದುರುಗೊಂಡರು.

ವಕೀಲರು ಒಬ್ಬೊಬ್ಬರಾಗಿ ಬಂದು ಕೂಡಿದರು. ಅವರಲ್ಲಿ ಗಾಂಧೀಜಿ ಕೇಳಿದುದು ವಕೀಲಿಯನ್ನಲ್ಲ. ತಮಗೆ ಆ ಸೀಮೆಯ ಮಾತು ತಿಳಿಯದು, ಕೈಥಿ ಅಕ್ಷರ ಓದಲು ಬಾರದು; ಆದಕಾರಣ ರೈತರ ಮಾತನ್ನು ಬರೆದುಕೊಳ್ಳುವ, ಅನುವಾದಿಸುವ ಗುಮಾಸ್ತೆಯ ಕೆಲಸ ಮಾಡಬೇಕೆಂದು ಕೇಳಿದರು. ಅಗತ್ಯ ಬಿದ್ದರೆ ಜೈಲಿಗೂ ಸಿದ್ಧರಾಗಬೇಕೆಂದರು. ಕಕ್ಷಿಗಾರ ರೈತರನ್ನು ಬಾಗಿಲಲ್ಲಿ ನಿಲ್ಲಿಸುತ್ತಿದ್ದ ವಕೀಲರು ಅದೇ ರೈತರ ಮುಂದೆ ಕುಳಿತು ಬರೆದುಕೊಳ್ಳುವ ಕಾಲ ಬಂದಿತು. ಇದೇನು ಸಣ್ಣ ಬದಲಾವಣೆಯೆ?

ಏಪ್ರಿಲ್ 15ರಂದು ಗಾಂಧೀಜಿ ಮೋತಿಹಾರಿಯನ್ನು ಸೇರಿದರು. ಮರುದಿನ ಆನೆಯ ಮೇಲೆ ಒಂದು ಹಳ್ಳಿಗೆ ಹೊರಟಿದ್ದಾಗ, ಜಿಲ್ಲೆಯನ್ನು ಬಿಟ್ಟು ಹೋಗಬೇಕೆಂಬ ಸರಕಾರದ ಅಪ್ಪಣೆ ದಾರಿಯಲ್ಲೇ ಕೈಸೇರಿತು. ಅವರು ಹೋಗಲೊಪ್ಪಲಿಲ್ಲ. ಏಪ್ರಿಲ್ 18ರಂದು ಮೋತಿಹಾರಿಯ ಕೋರ್ಟಿನಲ್ಲಿ ತಪ್ಪನ್ನು ತಾವೇ ಒಪ್ಪಿಕೊಂಡು, ಶಿಕ್ಷೆ ಕೊಡಿರೆಂದು ನಿಂತರು. ವಾದಿಸಲು ಸಿದ್ಧನಾಗಿ ಬಂದ ಸರಕಾರಿ ವಕೀಲನಿಗೆ ವಾದಿಸಲು ಏನೂ ಉಳಿಯಲಿಲ್ಲ. ಹೊರಗೆ ಸಾವಿರಾರು ರೈತರು ನೆರೆದಿದ್ದರು. ಕೊಠಿಯ ಜವಾನನನ್ನು ಕಂಡರೆ ಅವಿತುಕೊಳ್ಳುತ್ತಿದ್ದ ಜನ ಅಂದು ಕೋರ್ಟಿನ ಅಂಗಳದಲ್ಲಿ ಅಂಜದೆ ನಿಂತರು. ಯಾರೂ ಒಂದು ಕಲ್ಲನ್ನೂ ಎತ್ತಲಿಲ್ಲ. ಕೆಲವೇ ದಿನಗಳಲ್ಲಿ ಸರಕಾರ ಮೊಕದ್ದಮೆಯನ್ನು ಹಿಂತೆಗೆದುಕೊಂಡಿತು.

ಆಮೇಲೆ ನಡೆದ ಕಾರ್ಯವೇ ಈ ಸತ್ಯಾಗ್ರಹದ ಜೀವಾಳ. ದಿನವೂ ಬೆಳಗಿನಿಂದ ಸಂಜೆಯವರೆಗೆ ರೈತರು ಬಂದು ತಮ್ಮ ಕಥೆಯನ್ನು ಹೇಳುವರು, ವಕೀಲರು ಬರೆದುಕೊಳ್ಳುವರು. ಹೇಳಿದುದನ್ನೆಲ್ಲ ಬರೆಯುವಂತಿಲ್ಲ. ಪಾಟೀ ಸವಾಲು ಹಾಕಿ, ಪ್ರಶ್ನೆಗೆ ನಿಲ್ಲದ ಮಾತನ್ನು ಕೈಬಿಡಬೇಕು. ಗುಪ್ತ ಪೋಲೀಸರು ಬಂದು ಕುಳಿತರೆ ಕುಳಿತುಕೊಳ್ಳಲಿ ಎಂದು ಗಾಂಧೀಜಿ ಅವರನ್ನು ತಡೆಯಲಿಲ್ಲ. ಮುಚ್ಚಿಡುವುದೇನೂ ಇಲ್ಲದಿದ್ದ ಮೇಲೆ ಭಯವೇಕೆ? ಹೀಗೆ ಸಾವಿರಾರು ರೈತರ ಹೇಳಿಕೆಗಳು ಸಂಗ್ರಹವಾದವು. ಹಿಂದೊಮ್ಮೆ ಒಬ್ಬ ಅಧಿಕಾರಿಯ ವರದಿಯನ್ನು ಮುಚ್ಚಿಟ್ಟಂತೆ ಇಷ್ಟು ಬಾಯಿಗಳ ಸತ್ಯವನ್ನು ಮುಚ್ಚಿಡುವುದು ಸರಕಾರಕ್ಕೆ ಸಾಧ್ಯವಿರಲಿಲ್ಲ.

ಏಪ್ರಿಲ್ 27ರಂದು ಗಾಂಧೀಜಿ ಮುರಲೀ ಭರಹವಾಕ್ಕೆ ನಡೆದು ಹೋದರು. ಶುಕ್ಲರ ಮನೆಯನ್ನು ಕೊಠಿಯ ಜನರು ಲೂಟಿ ಮಾಡಿದ್ದರು. ಕಣಜಗಳು ಉರುಳಿಬಿದ್ದಿದ್ದವು, ಹೊಲದ ಬೆಳೆಯನ್ನು ದನಗಳಿಂದ ಮೇಯಿಸಿದ್ದರು. ಇತರರ ಕಷ್ಟವನ್ನು ಹೇಳಿಕೊಳ್ಳಲು ದೇಶವನ್ನೆಲ್ಲ ಸುತ್ತಿದ ಮನುಷ್ಯನ ಸ್ವಂತ ಮನೆಯ ಸ್ಥಿತಿ ಇದು. ಲಕ್ನೋದಲ್ಲಿ ಶುಕ್ಲರು ಬಾಯಿಂದ ಹೇಳಿದುದನ್ನು ಗಾಂಧೀಜಿ ಇಲ್ಲಿ ಕಣ್ಣಿನಿಂದ ಕಂಡರು.

ಜೂನ್ ತಿಂಗಳಲ್ಲಿ ಸರಕಾರ ವಿಚಾರಣಾ ಸಮಿತಿಯನ್ನು ನೇಮಿಸಿತು. ಸ್ಲೈ ಎಂಬ ಅಧಿಕಾರಿ ಅದರ ಅಧ್ಯಕ್ಷ, ಕೊಠಿಗಳ ಕಡೆಯವರೊಬ್ಬರಿದ್ದರು, ರೈತರ ಪರವಾಗಿ ಗಾಂಧೀಜಿ ಇದ್ದರು. ಸಮಿತಿಯ ಮುಂದೆ ಶುಕ್ಲರೂ ಸಾಕ್ಷ್ಯ ನುಡಿದರು. ಅಕ್ಟೋಬರಿನಲ್ಲಿ ವರದಿ ಸಿದ್ಧವಾಯಿತು. ತೀನ್‌ಕಠಿಯಾ ಪದ್ಧತಿಯನ್ನು ತೆಗೆದುಹಾಕಬೇಕು, ಅಕ್ರಮ ಕಾಣಿಕೆಗಳು ನಿಲ್ಲಬೇಕು, ಹೆಚ್ಚಿಸಿದ ಗೇಣಿಯಲ್ಲಿ ತುರಕೌಲಿಯಾ ಕೊಠಿಯ ರೈತರಿಗೆ ನೂರಕ್ಕೆ 20, ಮೋತಿಹಾರಿ ಮತ್ತು ಪಿಪರಾ ಕೊಠಿಗಳ ರೈತರಿಗೆ ನೂರಕ್ಕೆ 26 ಇಳಿಸಬೇಕು, ತಾವಾನಿನಲ್ಲಿ ನಾಲ್ಕನೆಯ ಒಂದು ಪಾಲನ್ನು ಹಿಂದಕ್ಕೆ ಕೊಡಬೇಕು ಎಂದು ಗೊತ್ತಾಯಿತು. 1918ರಲ್ಲಿ ಇದಕ್ಕೆ ತಕ್ಕ ಕಾಯಿದೆಯೂ ಬಂದಿತು.

ವಸೂಲು ಮಾಡಿದ ಅನ್ಯಾಯದ ಹಣದಲ್ಲಿ ಕಾಲುಭಾಗ ಮಾತ್ರ ಬಂದುದು ಏಕೆ ಎಂದು ನೀವು ಕೇಳುವುದು ಸಹಜ. ಅಂದೂ ಅನೇಕರು ಹೀಗೆಯೇ ಕೇಳಿದರು. ರೈತರ ನಷ್ಟ ಪೂರ್ತಿ ತುಂಬಲಿಲ್ಲವೆಂಬುದು ನಿಜ. ನೆಲವೇ ಇಲ್ಲದ ಕೂಲಿಯವರ ಬಾಳು ಈ ಕಾಯಿದೆಯಿಂದ ಹೆಚ್ಚೇನೂ ಬದಲಾಗಲಿಲ್ಲವೆಂಬುದೂ ನಿಜ. ಆದರೆ ಕಾಲುಭಾಗವಾದರೂ ಹಿಂದಕ್ಕೆ ಬಂದಾಗ, ತೆಗೆದುಕೊಂಡುದು ತಪ್ಪೆಂದು ಸಾಹೇಬನ ಕೈಯೇ ಒಪ್ಪಿದಂತಾಯಿತು. ಎಂದೂ ಮಣಿಯದವನು ಮಣಿದುದನ್ನು ರೈತನು ಕಂಡನು. ಒಮ್ಮೆ ಕಂಡುದನ್ನು ಅವನು ಮತ್ತೆ ಮರೆಯಲಿಲ್ಲ. ಮುಂದಿನ ಕೆಲವು ವರ್ಷಗಳಲ್ಲಿ ಕೊಠಿಗಳ ದೊರೆತನ ಕರಗಿಹೋಯಿತು.

ಕಾಯಿದೆಯಿಂದ ಮಾತ್ರ ಬಾಳು ಬೆಳಗುವುದಿಲ್ಲವೆಂದು ಅರಿತ ಗಾಂಧೀಜಿ ಆ ಹಳ್ಳಿಗಳಲ್ಲಿ ಶಾಲೆಗಳನ್ನು ತೆರೆಯಿಸಿದರು. ಇಲ್ಲಿ ನಮ್ಮ ಮುಂಬಯಿಗೂ ಕನ್ನಡ ನಾಡಿಗೂ ಸೇರಿದ ಒಂದು ಸಂಗತಿಯಿದೆ. 1917ರ ನವೆಂಬರಿನಲ್ಲಿ ಬಡಹರವಾ ಎಂಬಲ್ಲಿ ಮೊದಲ ಶಾಲೆ ತೆರೆದಾಗ ಅದನ್ನು ನಡೆಸಲು ಹೋದವರಲ್ಲಿ ಮುಂಬಯಿಯ ಅವಂತಿಕಾಬಾಯಿ ಗೋಖಲೆಯವರೂ ಅವರ ಪತಿಗಳೂ ಇದ್ದರು. ಎರಡನೆಯ ಶಾಲೆ ಭಿತಿಹರವಾದಲ್ಲಿ. ಇದು ಶುಕ್ಲರ ಊರಿನ ಸೀಮೆಯಲ್ಲೇ ಇದೆ. ಆ ಶಾಲೆಯಲ್ಲಿ ಕಸ್ತೂರಬಾ ಅವರೊಡನೆ ದುಡಿದವರು ಬೆಳಗಾವಿಯಿಂದ ಹೋದ ತರುಣ ಸದಾಶಿವ ಲಕ್ಷ್ಮಣ ಸೋಮಣರು. ಬಿದಿರು ಹುಲ್ಲುಗಳಿಂದ ಕಟ್ಟಿದ ಆ ಶಾಲೆ ಒಂದು ರಾತ್ರಿ ಬೆಂಕಿಗೆ ಆಹುತಿಯಾಯಿತು. ಕೊಠಿಯ ಕಡೆಯವರ ಮೇಲೆ ಸಂಶಯವಿತ್ತು. ಆದರೆ ಯಾರ ಮೇಲೂ ಸೇಡು ತೀರಿಸಿಕೊಳ್ಳಲು ಸೋಮಣರು ಹೊರಡಲಿಲ್ಲ. ಇನ್ನು ಸುಡಲಾಗದಂತಹ ಇಟ್ಟಿಗೆಯ ಶಾಲೆಯನ್ನೇ ಕಟ್ಟೋಣವೆಂದು ದುಡಿಯತೊಡಗಿದರು. ಅವರ ದುಡಿಮೆಯನ್ನು ಕಂಡು ಊರವರೂ ಕೈಗೂಡಿಸಿದರು; ಬಹುಬೇಗನೆ ಶಾಲೆ ಎದ್ದುನಿಂತಿತು. ಬೆಂಕಿಗೆ ಇಟ್ಟಿಗೆಯಿಂದ ಉತ್ತರ ಕೊಡುವುದು ಅಹಿಂಸೆಯ ಒಂದು ಒಳ್ಳೆಯ ಪಾಠ.

ಇಷ್ಟೆಲ್ಲ ಆದ ಬಳಿಕ ಶುಕ್ಲರು ಏನು ಪಡೆದರು? ಚಂಪಾರಣ್ಯದಲ್ಲಿ ದುಡಿದ ಅನೇಕರು ಮುಂದೆ ದೇಶದ ದೊಡ್ಡ ಸ್ಥಾನಗಳಿಗೆ ಏರಿದರು. ಶುಕ್ಲರು ರೈತರಾಗಿಯೇ ಉಳಿದರು. 1920ರ ಅನಂತರದ ಅಸಹಕಾರ ಚಳವಳಿಯಲ್ಲಿಯೂ ತಮ್ಮ ಸೀಮೆಯಲ್ಲಿ ದುಡಿದರು. ತಿರುಗಾಟಗಳಿಂದಲೂ ಮೊಕದ್ದಮೆಗಳಿಂದಲೂ ಇದ್ದ ಆಸ್ತಿ ಕರಗಿತ್ತು. 1929ರ ಮೇ 20ರಂದು ಮೋತಿಹಾರಿಯಲ್ಲಿ ಅವರು ತೀರಿಕೊಂಡರು. ವಯಸ್ಸು ಇನ್ನೂ 54 ತುಂಬಿರಲಿಲ್ಲ. ದೇಶ ಸ್ವತಂತ್ರವಾದುದನ್ನು ಅವರು ಕಾಣಲಿಲ್ಲ. ಗಾಂಧೀಜಿ ಮಾತ್ರ ಅವರನ್ನು ಮರೆಯದೆ ತಮ್ಮ ಆತ್ಮಕಥೆಯಲ್ಲಿ ಆದರದಿಂದ ಅವರ ಕಥೆಯನ್ನು ಬರೆದರು. 2000ದಲ್ಲಿ ಭಾರತದ ಅಂಚೆ ಇಲಾಖೆ ಶುಕ್ಲರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು.

ಆ ಸೀಮೆಯ ಜನರು ಹೇಳಿಕೊಂಡು ಬಂದ ಒಂದು ಮಾತಿದೆ. ಶುಕ್ಲರ ಸಾವಿನ ಸುದ್ದಿಯನ್ನು ಕೇಳಿದ ಏಮನ್ ಸಾಹೇಬನು ಅವರ ಶ್ರಾದ್ಧಕ್ಕೆಂದು ಹಣವನ್ನು ಕಳುಹಿಸಿದನಂತೆ. ತನ್ನೆದುರು ಕೊನೆಯವರೆಗೆ ನಿಂತ ಗಂಡಸು ಆತನೊಬ್ಬನೇ ಎಂದು ಮರುಗಿದನಂತೆ. ಜನರ ಬಾಯಲ್ಲಿ ಬೆಳೆದ ಈ ಕಥೆಯಲ್ಲಿ ಒಂದು ತಿಳಿವಿದೆ. ದ್ವೇಷದಿಂದ ಹೊಡೆದವನನ್ನು ಶತ್ರು ಮರೆಯಬಹುದು. ಸತ್ಯವನ್ನು ಬಿಡದೆ ಹೇಳಿದವನನ್ನು ಶತ್ರುವೂ ಗೌರವಿಸಬೇಕಾಗುತ್ತದೆ ಎಂಬುದು ಆ ಜನರ ನಂಬಿಕೆ.

ವಿದ್ಯಾರ್ಥಿಗಳೇ, ಈ ಮಹಾನಗರದಲ್ಲಿ ಕನ್ನಡ ಶಾಲೆಯಲ್ಲಿ ಕಲಿಯುವ ನಿಮ್ಮಲ್ಲಿ ಕೆಲವರಿಗೆ, ದೊಡ್ಡ ಭಾಷೆಗಳ ದೊಡ್ಡ ಸಭೆಗಳಲ್ಲಿ ನಮ್ಮ ಮಾತಿಗೆ ಕಿವಿಗೊಡುವವರು ಯಾರೆಂಬ ಅಂಜಿಕೆ ಆಗಾಗ ಮೂಡುವುದುಂಟು. ಇತರ ಭಾಷೆಗಳನ್ನು ನೀವು ಶ್ರದ್ಧೆಯಿಂದ ಕಲಿಯಲೇಬೇಕು; ಆ ಕಲಿಕೆ ಶುಕ್ಲರಿಗೆ ದೊರೆಯಲಿಲ್ಲ. ಆದರೆ ಹೇಳಬೇಕಾದುದನ್ನು ಹೇಳುವುದಕ್ಕೆ ಅದು ದೊರೆಯುವವರೆಗೆ ಅವರು ಕಾಯಲೂ ಇಲ್ಲ. ತಮಗೆ ಬಂದ ಮಾತಿನಲ್ಲಿ, ತಾವು ಕಂಡಷ್ಟನ್ನೇ, ಕೂಡಿಸದೆ ಕಳೆಯದೆ ಹೇಳಿದರು. ಕೇಳದಿದ್ದರೆ ಮತ್ತೆ ಹೇಳಿದರು. ಅಲ್ಲಿಯೂ ಕೇಳದಿದ್ದರೆ ಇನ್ನೊಂದು ಊರಿಗೆ ಹೋಗಿ ಹೇಳಿದರು. ಆ ಮಾತನ್ನು ಬರೆದುಕೊಳ್ಳಲು ಕೊನೆಗೆ ದೊಡ್ಡ ದೊಡ್ಡ ವಕೀಲರೇ ಲೇಖನಿ ಹಿಡಿದು ಕುಳಿತುಕೊಳ್ಳಬೇಕಾಯಿತು. ಇನ್ನು ಮುಂದೆ ಪಾಠದಲ್ಲಿ ಚಂಪಾರಣ್ಯದ ಹೆಸರನ್ನು ಓದುವಾಗ, ಕಲ್ಕತ್ತೆಯ ಮನೆಯೊಂದರಲ್ಲಿ ಅತಿಥಿ ಬರುವ ಮೊದಲೇ ಬಂದು ಕಾದು ಕುಳಿತಿದ್ದ ಆ ರೈತರನ್ನೂ ನೆನೆಯಿರಿ.